ಆಕ್ಟೋಪಸ್‌ನ ವಿಷಗ್ರಂಥಿಯನ್ನು ಬಿಡಿಸಿ ನೋಡುವುದು ಹೇಗೆ: ಮೀನು ಮಾರ್ಕೆಟ್ಟಿನಿಂದ ಮೇಜಿನವರೆಗೆ

ಆಕ್ಟೋಪಸ್ ಕಚ್ಚುವುದು ಬಾಯಿಂದ. ಆದರೆ ಅದರ ವಿಷ ತಯಾರಾಗುವ ಜಾಗ ಬಾಯಿಯ ಹತ್ತಿರವೂ ಇಲ್ಲ. ಮೊದಲ ಸಲ ಕತ್ತರಿ ಹಿಡಿದವರು ಸೋಲುವುದು ಇಲ್ಲೇ. ಹಾವಿನ ವಿಷಗ್ರಂಥಿ ಕಣ್ಣಿನ ಹಿಂದೆ, ಹಲ್ಲಿನ ಮಗ್ಗುಲಲ್ಲೇ ಇರುತ್ತದಲ್ಲ, ಇದೂ ಹಾಗೇ ಇರಬೇಕು ಎಂದುಕೊಂಡು ಕೊಕ್ಕಿನ ಸುತ್ತ ಕೆದಕುತ್ತಾರೆ. ಅಲ್ಲಿ ಸಿಗುವ ಚಪ್ಪಟೆ ಗ್ರಂಥಿಯನ್ನೇ ವಿಷಗ್ರಂಥಿ ಎಂದು ಬರೆದುಕೊಂಡು ಎದ್ದುಬಿಡುತ್ತಾರೆ. ಅಸಲಿ ಗ್ರಂಥಿಗಳು ಮೆದುಳನ್ನೂ ದಾಟಿ ಹಿಂದೆ, ಹೊಟ್ಟೆಯ ಚೀಲದೊಳಗೆ ಕೂತಿರುತ್ತವೆ. ಅಲ್ಲಿಂದ ಬಾಯಿಗೆ ಒಂದೇ ಒಂದು ಸಣ್ಣ ಕೊಳವೆ ಬರುತ್ತದೆ. ಆ ಕೊಳವೆಯನ್ನು ಹಿಡಿದವರಿಗೆ ಗ್ರಂಥಿ ತಪ್ಪುವ ಪ್ರಶ್ನೆಯೇ ಇಲ್ಲ. ಹಾಗಾಗಿ ಇಲ್ಲಿ ಗ್ರಂಥಿಯನ್ನು ಹುಡುಕುವುದಕ್ಕಿಂತ ನಾಳದ ಜಾಡು ಹಿಡಿಯುವುದನ್ನೇ ಹೆಚ್ಚು ವಿವರಿಸಿದ್ದೇವೆ.

ಬೆಂಗಳೂರಿನಲ್ಲಿ ಕೂತು, ಮಾರ್ಕೆಟ್ಟಿನಲ್ಲಿ ಆಹಾರಕ್ಕಾಗಿಯೇ ಮಾರುವ ಸತ್ತ ಆಕ್ಟೋಪಸ್ ತಂದು, ಒಂದು ಭಾನುವಾರದ ನಾಲ್ಕೈದು ಗಂಟೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು. ಜೀವಂತ ಪ್ರಾಣಿಯ ಮಾತು ಇಲ್ಲಿ ಬೇಡವೇ ಬೇಡ. ಕಾಲೇಜಿನ ಲ್ಯಾಬಿನಲ್ಲಿ ಮಾಡುವವರು ಮೊದಲು ವಿಭಾಗದ ಮುಖ್ಯಸ್ಥರನ್ನು ಕೇಳಿ. ಪ್ರಾಣಿಗಳನ್ನು ಕೊಯ್ದು ಕಲಿಸುವುದಕ್ಕೆ ಯುಜಿಸಿ ಕಡಿವಾಣ ಹಾಕಿ ವರ್ಷಗಳಾದವು. ಮೀನಂಗಡಿಯಿಂದ ತಂದದ್ದು ಎಂದರೂ ಅನುಮತಿ ಪಡೆದೇ ಮುಂದುವರಿಯುವುದು ಒಳ್ಳೆಯದು.

ಮೊದಲು ತಲೆಯಲ್ಲಿ ಒಂದು ನಕ್ಷೆ

ಆಕ್ಟೋಪಸ್‌ಗೆ ಎರಡು ಜೊತೆ ಜೊಲ್ಲುಗ್ರಂಥಿಗಳಿವೆ. ಮುಂದಿನ ಜೊತೆ ಚಿಕ್ಕದು, ಚಪ್ಪಟೆ. ಕೊಕ್ಕನ್ನು ಹೊತ್ತ ಸ್ನಾಯುವಿನ ಉಂಡೆಯ ಹಿಂಬದಿಗೆ ಎಡಕ್ಕೊಂದು ಬಲಕ್ಕೊಂದು ಅಂಟಿಕೊಂಡಿರುತ್ತದೆ. ಲೋಳೆ ಮತ್ತು ಕೆಲವು ಕಿಣ್ವಗಳನ್ನು ಒಸರುವುದು ಇದರ ಮುಖ್ಯ ಕೆಲಸ. ಹಿಂದಿನ ಜೊತೆ ದೊಡ್ಡದು, ದಪ್ಪ. ಇದೇ ವಿಷದ ಕಾರ್ಖಾನೆ. ಹಲವು ಜಾತಿಗಳಲ್ಲಿ ಇದರ ಒಂದೊಂದು ಗ್ರಂಥಿಯೂ ಬಾಯಿಯ ಉಂಡೆಯಷ್ಟೇ ಉದ್ದ ಇರುತ್ತದೆ.

ಹಿಂದಿನ ಗ್ರಂಥಿಗಳೆರಡರಿಂದಲೂ ಒಂದೊಂದು ನಾಳ ಹೊರಟು, ಸ್ವಲ್ಪ ದೂರದಲ್ಲೇ ಕೂಡಿ ಒಂದಾಗುತ್ತವೆ. ಆಕಾರ ಥೇಟ್ ಕವೆಗೋಲು. ಕೂಡಿದ ನಾಳ ಅನ್ನನಾಳದ ಜೊತೆಜೊತೆಯಾಗಿ ಮುಂದೆ ಹೋಗಿ ಮೆದುಳಿನ ನಡುವೆ ತೂರುತ್ತದೆ. ಹೌದು, ಆಕ್ಟೋಪಸ್‌ನ ಮೆದುಳು ಉದ್ದಿನವಡೆಯ ಹಾಗೆ, ನಡುವೆ ತೂತು. ಆ ತೂತಿನಲ್ಲಿ ಅನ್ನನಾಳವೂ ವಿಷದ ನಾಳವೂ ಹಾದುಹೋಗುತ್ತವೆ. ಅಲ್ಲಿಂದ ಬಾಯಿಯ ಉಂಡೆಯ ಒಳಹೊಕ್ಕು, ರಾಡುಲಾ ಎಂಬ ಹಲ್ಲಿನ ಪಟ್ಟಿಯ ಕೆಳಗಿರುವ ಒಂದು ಸಣ್ಣ ಮೊಲೆತೊಟ್ಟಿನಂಥ ಉಬ್ಬಿನ ತುದಿಯಲ್ಲಿ ತೆರೆದುಕೊಳ್ಳುತ್ತದೆ. ಇದನ್ನು ಜೊಲ್ಲುತೊಟ್ಟು ಎಂದು ಕರೆಯೋಣ.

ದೇಹದ ದಿಕ್ಕು ತಿಳಿಯದೆ ಈ ನಕ್ಷೆ ಉಪಯೋಗಕ್ಕೆ ಬಾರದು. ತಲೆ ಎಂದು ಎಲ್ಲರೂ ತೋರಿಸುವ ದೊಡ್ಡ ಚೀಲ ತಲೆಯಲ್ಲ, ಹೊಟ್ಟೆ; ಅದರ ಹೊರಗೋಡೆಯೇ ಮ್ಯಾಂಟಲ್. ತಲೆ ಇರುವುದು ತೋಳಿಗೂ ಚೀಲಕ್ಕೂ ನಡುವೆ, ಕಣ್ಣುಗಳಿರುವಲ್ಲಿ. ನೀರು ಚಿಮ್ಮುವ ಆಲಿಕೆಯಂಥ ಕೊಳವೆ ಯಾವ ಕಡೆ ಇದೆಯೋ ಅದು ತಳಭಾಗ. ಅದರ ಎದುರು ಬದಿ ಬೆನ್ನು.

ಕೊಳ್ಳುವಾಗ

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಮೀನು ವಿಭಾಗದಲ್ಲಿ ಆಕ್ಟೋಪಸ್ ದಿನಾ ಸಿಗುವ ಸರಕಲ್ಲ. ಬೊಂಡಾಸ್ (ಸ್ಕ್ವಿಡ್) ಮಾರುವವರ ಹತ್ತಿರ ಒಂದೆರಡು ದಿನ ಮುಂಚೆ ಹೇಳಿಟ್ಟರೆ ತರಿಸಿಕೊಡುತ್ತಾರೆ. ಹೇಳುವಾಗ ಒಂದು ಮಾತನ್ನು ಮೂರು ಸಲ ಹೇಳಿ: "ಕ್ಲೀನ್ ಮಾಡ್ಬೇಡಿ, ಇಡೀದೇ ಬೇಕು." ಅಂಗಡಿಯವರ ಕೈ ರೂಢಿ ಹೇಗಿರುತ್ತದೆ ಎಂದರೆ, ತಕ್ಕಡಿಯಿಂದ ಇಳಿಸಿದ ಮರುಕ್ಷಣ ಚೀಲವನ್ನು ಒಳಹೊರಗು ಮಾಡಿ ಒಳಗಿನದನ್ನೆಲ್ಲ ಬಕೆಟ್ಟಿಗೆ ಕಿತ್ತು ಹಾಕಿರುತ್ತಾರೆ. ನಿಮಗೆ ಬೇಕಾದ ಗ್ರಂಥಿ ಆ ಬಕೆಟ್ಟಿನಲ್ಲಿರುತ್ತದೆ. ಸೂಪರ್‌ಮಾರ್ಕೆಟ್ಟಿನ ಫ್ರೋಜನ್ ಪೊಟ್ಟಣಗಳಲ್ಲಿ ಬರುವುದೂ ಸಾಮಾನ್ಯವಾಗಿ ಹೀಗೆ ಖಾಲಿ ಮಾಡಿದ ಮಾಲೇ. ಚೀಲ ಅಮುಕಿ ನೋಡಿ. ಒಳಗೆ ಗಟ್ಟಿಯಾದ ಗುಂಡುಗುಂಡು ವಸ್ತು ಸಿಗದೆ ಬರೀ ತೊಗಲು ಸಿಕ್ಕರೆ ಕೊಳ್ಳಬೇಡಿ.

ತೂಕ 400 ಗ್ರಾಂನಿಂದ ಒಂದು ಕಿಲೋ ಒಳಗೆ ಇದ್ದರೆ ಅನುಕೂಲ. 200 ಗ್ರಾಂಗಿಂತ ಚಿಕ್ಕದಾದರೆ ನಾಳ ಕಣ್ಣಿಗೇ ಕಾಣದಷ್ಟು ಸಪೂರ. ಎರಡು ತೆಗೆದುಕೊಳ್ಳಿ, ಒಂದು ಕೆಟ್ಟೇ ಕೆಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಮಲ್ಪೆ, ಮಂಗಳೂರಿನ ಟ್ರಾಲರ್ ಮಾಲು ಬರುವುದಿಲ್ಲ. ಆಗ ಸಿಗುವುದು ಹಳೆಯ ಫ್ರೀಜರ್ ಮಾಲು ಅಥವಾ ಬೇರೆ ಕಡೆಯದು. ಕೆಲಸ ಮುಂದೂಡುವುದು ವಾಸಿ.

ತಾಜಾತನ ಇಲ್ಲಿ ಅಡುಗೆಗಿಂತ ಹೆಚ್ಚು ಮುಖ್ಯ. ಸತ್ತ ಮೇಲೆ ಮೊದಲು ಕರಗುವುದು ಜೀರ್ಣಗ್ರಂಥಿ. ಅದು ತನ್ನ ಕಿಣ್ವಗಳಿಂದ ತನ್ನನ್ನೇ ಜೀರ್ಣಿಸಿಕೊಂಡು ಕಂದು ಗಸಿಯಾಗಿ ಹರಿದು ಪಕ್ಕದಲ್ಲಿರುವ ವಿಷಗ್ರಂಥಿಗೂ ಬಣ್ಣ ಬಳಿಯುತ್ತದೆ. ಕಣ್ಣು ತಿಳಿಯಾಗಿರಬೇಕು, ಚರ್ಮ ಎಳೆದರೆ ಸುಲಿದು ಬರಬಾರದು, ಆಲಿಕೆಯಿಂದ ಕಂದು ನೀರು ಒಸರಬಾರದು.

ನಮ್ಮ ಕಡಲಿನಿಂದ ಬರುವವುಗಳಲ್ಲಿ ಸಿಸ್ಟೋಪಸ್ ಇಂಡಿಕಸ್ ಮತ್ತು ಆಂಫಿಆಕ್ಟೋಪಸ್ ಕುಲದ ಜಾತಿಗಳನ್ನು ನೀವು ನೋಡುವ ಸಂಭವ ಹೆಚ್ಚು. ತೋಳುಗಳ ನಡುವಿನ ಪೊರೆಯಲ್ಲಿ, ಬಾಯಿಯ ಕಡೆಯ ಮುಖದಲ್ಲಿ ಸಣ್ಣ ಜೇಬಿನಂಥ ಎಂಟು ಚೀಲಗಳಿದ್ದರೆ ಸಿಸ್ಟೋಪಸ್. ಕೆಲವು ಆಂಫಿಆಕ್ಟೋಪಸ್‌ಗಳಿಗೆ ಕಣ್ಣಿನ ಕೆಳಗೆ, ತೋಳಿನ ಬುಡದಲ್ಲಿ ಬದಿಗೊಂದರಂತೆ ಉಂಗುರದ ಮಚ್ಚೆ ಇರುತ್ತದೆ. ಅದನ್ನು ಕಂಡು ನೀಲಿ ಉಂಗುರದ ಮಾರಕ ಆಕ್ಟೋಪಸ್ ಎಂದು ಗಾಬರಿ ಬೀಳಬೇಡಿ. ಅದಕ್ಕೆ ಉಂಗುರ ಬದಿಗೊಂದಲ್ಲ, ಮೈತುಂಬ. ಜೊತೆಗೆ ಪ್ರಾಣಿ ಅಂಗೈಗೆ ಹಿಡಿಸುವಷ್ಟು ಚಿಕ್ಕದು. ಮೈಮೇಲೆಲ್ಲ ಸಣ್ಣ ಉಂಗುರಗಳಿರುವ ಪುಟ್ಟ ಆಕ್ಟೋಪಸ್ ಎಲ್ಲಾದರೂ ಕಂಡರೆ, ಸತ್ತದ್ದಾದರೂ ಸರಿ, ಮುಟ್ಟಬೇಡಿ.

ಮೇಜಿನ ಮೇಲೆ ಏನಿರಬೇಕು

ಮೇಣ ಹುಯ್ದ ಟ್ರೇ ಇಲ್ಲದಿದ್ದರೆ ಸ್ಟೀಲ್ ತಟ್ಟೆಯಲ್ಲಿ ಎರಡು ಸೆಂ.ಮೀ. ದಪ್ಪದ ಥರ್ಮಾಕೋಲ್ ಹಾಳೆ ಇಟ್ಟು ಮೇಲೆ ಪ್ಲಾಸ್ಟಿಕ್ ಹೊದಿಸಿ. ಗುಂಡುಸೂಜಿ ಇಪ್ಪತ್ತು. ಮೊಂಡು ಮೊನೆಯ ಕತ್ತರಿ ಒಂದು, ಸಣ್ಣ ಚೂಪು ಕತ್ತರಿ ಒಂದು, ಸಪೂರ ಮೊನೆಯ ಚಿಮಟ ಎರಡು. ಸ್ಕಾಲ್ಪೆಲ್ ಇರಲಿ, ಆದರೆ ಅದನ್ನು ಎತ್ತಿಕೊಳ್ಳುವ ಆಸೆಯನ್ನು ಹತೋಟಿಯಲ್ಲಿಡಿ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಹಾಳಾಗುವುದು ಬ್ಲೇಡಿನಿಂದಲೇ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಲೂಪ್ ಬೇಕು. ಇನ್ಸುಲಿನ್ ಸಿರಿಂಜ್ ಎರಡು. ನೀಲಿ ಬಣ್ಣಕ್ಕೆ ಅಕ್ವೇರಿಯಂ ಅಂಗಡಿಯ ಮೆಥಿಲೀನ್ ಬ್ಲೂ ಅಥವಾ ಅಡುಗೆಯ ನೀಲಿ ಬಣ್ಣ. ಹಲ್ಲುಜ್ಜುವ ಬ್ರಶ್ಶಿನಿಂದ ಕಿತ್ತ ನಾಲ್ಕಾರು ನೈಲಾನ್ ಎಳೆ. ಗ್ರಂಥಿ ತೂಗಬೇಕೆಂದಿದ್ದರೆ 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ.

ತೊಳೆಯಲು ಮತ್ತು ಒದ್ದೆಯಾಗಿಡಲು ನಲ್ಲಿ ನೀರು ಬಳಸಬೇಡಿ. ಆಕ್ಟೋಪಸ್‌ನ ದೇಹದ ದ್ರವ ಕಡಲ ನೀರಿನಷ್ಟೇ ಉಪ್ಪು. ಕಾವೇರಿ ನೀರು ಸೋಕಿದರೆ ಅಂಗಾಂಶ ನೀರು ಹೀರಿ ಊದಿ, ಬೆಳ್ಳಗೆ ಮಂಕಾಗುತ್ತದೆ. ಆಮೇಲೆ ಬಿಳಿ ಗ್ರಂಥಿ, ಬಿಳಿ ನಾಳ, ಬಿಳಿ ಸ್ನಾಯು ಎಲ್ಲ ಒಂದೇ ಥರ. ಲೀಟರಿಗೆ 35 ಗ್ರಾಂ ಉಪ್ಪು, ಅಂದರೆ ದೊಡ್ಡ ಚಮಚದಲ್ಲಿ ಸಪಾಟಾಗಿ ಎರಡು ಚಮಚ ಪುಡಿ ಉಪ್ಪು, ಕಲಸಿ ಫ್ರಿಜ್ಜಿನಲ್ಲಿ ತಂಪು ಮಾಡಿಟ್ಟುಕೊಳ್ಳಿ. ಮೂರು ಲೀಟರ್ ಸಾಕು.

ನೈಟ್ರೈಲ್ ಗ್ಲೌಸ್ ಹಾಕಿ. ಸತ್ತ ಪ್ರಾಣಿ ಕಚ್ಚುವುದಿಲ್ಲ ನಿಜ, ಆದರೆ ಕೊಕ್ಕಿನ ಅಂಚು ಗ್ಲೌಸನ್ನೂ ಬೆರಳನ್ನೂ ಸೀಳಬಲ್ಲದು. ಮೀನು ಮಾರ್ಕೆಟ್ಟಿನ ಬ್ಯಾಕ್ಟೀರಿಯಾ ಗಾಯಕ್ಕೆ ಸೇರಿದರೆ ಕೈ ಊದಿಕೊಳ್ಳುತ್ತದೆ. ಬೆರಳು ಕೊಯ್ದರೆ ಕೆಲಸ ನಿಲ್ಲಿಸಿ, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಊತ ಕಂಡರೆ ಡಾಕ್ಟರ ಹತ್ತಿರ ಹೋಗಿ.

ಮಂಜುಗಟ್ಟಿದ ಮಾಲಾದರೆ ಕವರಿನ ಸಮೇತ ಫ್ರಿಜ್ಜಿನ ಕೆಳತಟ್ಟೆಯಲ್ಲಿ ರಾತ್ರಿಯಿಡೀ ಕರಗಲು ಬಿಡಿ. ಅವಸರಕ್ಕೆ ಬಿಸಿನೀರಿನಲ್ಲಿ ಇಟ್ಟರೆ ಹೊರಗೆ ಬೆಂದು ಒಳಗೆ ಐಸು. ಒಳಗೆ ಇನ್ನೂ ಚೂರು ಗಟ್ಟಿ ಇರುವಾಗಲೇ ಶುರುಮಾಡಿದರೆ ಒಳ್ಳೆಯದು. ಜೀರ್ಣಗ್ರಂಥಿ ಸೋರುವ ಮುಂಚೆ ವಿಷಗ್ರಂಥಿ ಕೈಗೆ ಬಂದಿರುತ್ತದೆ.

ಬೆನ್ನಿನಿಂದ ತೆರೆಯಿರಿ

ಹಳೆಯ ಪ್ರಾಯೋಗಿಕ ಪಾಠಗಳು ತಳಭಾಗದಿಂದ ಮ್ಯಾಂಟಲ್ ಸೀಳಲು ಹೇಳುತ್ತವೆ. ಕಿವಿರು, ಮೂರು ಹೃದಯ, ಮೂತ್ರಪಿಂಡ ನೋಡುವವರಿಗೆ ಅದೇ ಸರಿಯಾದ ದಾರಿ. ನಮಗಲ್ಲ. ಮಸಿಚೀಲ ಜೀರ್ಣಗ್ರಂಥಿಯ ತಳಬದಿಯಲ್ಲಿ ಹುದುಗಿರುತ್ತದೆ. ಅತ್ತಲಿಂದ ಬಂದರೆ ಕತ್ತರಿಯ ಒಂದು ತಪ್ಪು ಹೆಜ್ಜೆಗೆ ಟ್ರೇ ಪೂರ್ತಿ ಕಪ್ಪು. ಬೆನ್ನಿನಿಂದ ಬಂದರೆ ಮಸಿಚೀಲ ಅಡಿಯಲ್ಲೇ ಉಳಿಯುತ್ತದೆ.

ಆಲಿಕೆ ಅಡಿಗೆ ಬರುವಂತೆ ಪ್ರಾಣಿಯನ್ನು ಮಲಗಿಸಿ, ತೋಳುಗಳು ನಿಮ್ಮಿಂದ ಆಚೆಗಿರಲಿ. ತೋಳುಗಳನ್ನು ಹರಡಿ ಸೂಜಿ ಚುಚ್ಚಿ. ಚೀಲದ ತುದಿಗೂ ಒಂದು ಸೂಜಿ. ಕಣ್ಣುಗಳೆರಡರ ನಡುವಿಂದ ಚೀಲದ ತುದಿಯವರೆಗೆ ಒಂದು ನಡುಗೆರೆ ಮನಸ್ಸಿನಲ್ಲೇ ಎಳೆದುಕೊಳ್ಳಿ.

ಕಣ್ಣುಗಳಿಗಿಂತ ಎರಡು ಸೆಂ.ಮೀ. ಹಿಂದೆ ಚರ್ಮವನ್ನು ಚಿಮಟದಲ್ಲಿ ಎತ್ತಿ ಹಿಡಿದು ಸಣ್ಣ ಗಾಯ ಮಾಡಿ. ಅಲ್ಲಿಂದ ಮೊಂಡು ಮೊನೆ ಒಳಗಿರುವಂತೆ ಕತ್ತರಿ ತೂರಿಸಿ ತುದಿಯವರೆಗೆ ಚರ್ಮ ಮಾತ್ರ ಕತ್ತರಿಸಿ. ಚರ್ಮದ ಕೆಳಗೆ ಮ್ಯಾಂಟಲ್‌ನ ಬಿಳಿ ಸ್ನಾಯು. ಅದನ್ನೂ ಅದೇ ಗೆರೆಯಲ್ಲಿ, ಮೊನೆ ಸದಾ ಮೇಲ್ಮುಖವಾಗಿರುವಂತೆ, ಸ್ವಲ್ಪಸ್ವಲ್ಪವಾಗಿ ಬಿಡಿಸಿ. ಮೊನೆ ಅರ್ಧ ಸೆಂ.ಮೀ.ಗಿಂತ ಕೆಳಗೆ ಇಳಿಯಬಾರದು. ತೆರೆದ ಅಂಚುಗಳನ್ನು ಬಾಗಿಲಿನ ಹಾಗೆ ಎರಡೂ ಬದಿಗೆ ಮಗುಚಿ ಸೂಜಿ ಚುಚ್ಚಿ. ಮಗುಚುವಾಗ ಸ್ನಾಯುವಿನಲ್ಲಿ ಬದಿಗೊಂದು ಸಣ್ಣ ಕಡ್ಡಿ ಸಿಕ್ಕಿದರೆ ಮುಳ್ಳು ಎಂದು ಬಿಸಾಡಬೇಡಿ. ಆಕ್ಟೋಪಸ್‌ಗಳ ಪೂರ್ವಜರಿಗಿದ್ದ ಚಿಪ್ಪಿನಲ್ಲಿ ಉಳಿದದ್ದು ಇಷ್ಟೇ. ಅಡ್ಡ ಕೊಯ್ದು ಅದರ ವರ್ತುಲಗಳನ್ನು ಎಣಿಸಿ ವಿಜ್ಞಾನಿಗಳು ವಯಸ್ಸು ಅಂದಾಜು ಮಾಡುತ್ತಾರೆ.

ಈಗ ಕಾಣುವುದು ಹೊಳೆಯುವ ತೆಳು ಪೊರೆಯ ಹೊದಿಕೆಯಲ್ಲಿ ಸುತ್ತಿದ ಒಂದು ಗಂಟು. ಕಂದು ಬಣ್ಣದ ದೊಡ್ಡ ಮೊಟ್ಟೆಯಾಕಾರದ ವಸ್ತು ಪೊರೆಯ ಮೂಲಕವೇ ಮಸುಕಾಗಿ ಕಾಣುತ್ತದೆ, ಅದು ಜೀರ್ಣಗ್ರಂಥಿ. ಪೊರೆಯನ್ನು ಅದರ ಮೇಲೆ ಹರಿಯಬೇಡಿ. ಅದರ ಮುಂತುದಿಗಿಂತ ಮುಂದೆ, ತಲೆಯ ಕಡೆಗೆ, ಎರಡು ಚಿಮಟಗಳಿಂದ ಪೊರೆಯನ್ನು ಎತ್ತಿ ಎದುರುಬದುರಾಗಿ ಎಳೆದು ಹರಿಯಿರಿ. ಇಲ್ಲಿ ಕತ್ತರಿಗಿಂತ ಹರಿಯುವುದೇ ಸುರಕ್ಷಿತ, ಏಕೆಂದರೆ ಪೊರೆ ಹರಿಯುತ್ತದೆ, ಅಡಿಯ ನಾಳ ಹರಿಯುವುದಿಲ್ಲ, ಬರೀ ಜಗ್ಗುತ್ತದೆ. ಒಳಗಿನಿಂದ ತೆಳು ನೀಲಿ ಛಾಯೆಯ ಅಥವಾ ಬಣ್ಣವೇ ಇಲ್ಲದ ದ್ರವ ಬಂದರೆ ಅದೇ ರಕ್ತ. ಇವುಗಳ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರವಿರುವ ಹೀಮೋಸಯಾನಿನ್. ಉಪ್ಪುನೀರು ಹಾಯಿಸಿ, ಹತ್ತಿಯಲ್ಲಿ ಒತ್ತಿ ತೆಗೆಯಿರಿ.

ಈಗ ಎದುರಿಗೆ ಬರುವ ಸೀನು ನೋಡಿ. ನಡುವೆ, ತಲೆಯ ಕಡೆಯಿಂದ ಬರುವ ಕೊಳವೆ ಹಿಂದಕ್ಕೆ ಬಂದು ಅಗಲವಾಗಿ ಚೀಲವಾಗುತ್ತದೆ. ಅದು ಕ್ರಾಪ್, ಕೋಳಿಯ ಕೊರಳ ಬುಡದ ಕಾಳುಚೀಲದ ಹಾಗೆ ಮೇವು ಕೂಡಿಡುವ ಜಾಗ. ಒಳಗೆ ಏಡಿ ಚಿಪ್ಪಿನ ಚೂರು ಇದ್ದರೆ ಗರಗರ ಅನ್ನಿಸುತ್ತದೆ. ಕ್ರಾಪನ್ನು ಮೆಲ್ಲಗೆ ಒಂದು ಬದಿಗೆ ಒತ್ತಿ. ಅದರ ಎರಡೂ ಮಗ್ಗುಲಲ್ಲಿ, ಜೀರ್ಣಗ್ರಂಥಿಗೆ ಆತುಕೊಂಡ ಹಾಗೆ, ಎರಡು ಕೆನೆಬಣ್ಣದ, ನಯವಾದ, ತುಸು ಗಟ್ಟಿ ಉಂಡೆಗಳು. ಆಕಾರ ದಪ್ಪ ಬೆಳ್ಳುಳ್ಳಿ ಎಸಳು. ಬೆರಳಲ್ಲಿ ಒತ್ತಿದರೆ ಜೀರ್ಣಗ್ರಂಥಿ ಬೆಣ್ಣೆಯಂತೆ ಕುಸಿಯುತ್ತದೆ, ಇವು ಪುಟಿಯುತ್ತವೆ. ಇವೇ ಇರಬೇಕು ಎನ್ನಿಸಿದರೂ ಇನ್ನೂ ಹೆಸರಿಡಬೇಡಿ.

ನಾಳದ ಸಾಕ್ಷಿ

ಉಂಡೆಯನ್ನು ಚಿಮಟದಿಂದ ಹಿಂದಿನ ತುದಿಯಲ್ಲಿ ಹಿಡಿದು ತುಸು ಎತ್ತಿ. ಮುಂದಿನ ತುದಿಯಿಂದ ಒಂದು ಬಿಳಿ ದಾರ ಹೊರಟಿರುತ್ತದೆ. ಎರಡೂ ಬದಿಯ ದಾರಗಳು ನಡುಗೆರೆಯ ಹತ್ತಿರ ಕೂಡಬೇಕು. ಕೂಡಿದರೆ ಗೆದ್ದಿರಿ.

ಇಲ್ಲಿ ಮೂರು ಕೊಳವೆಗಳು ಒಟ್ಟೊಟ್ಟಿಗೆ ಸಾಗುವುದರಿಂದ ಗೊಂದಲ ಸಹಜ. ಅನ್ನನಾಳ ಎಲ್ಲಕ್ಕಿಂತ ಅಗಲ, ಮೆತ್ತಗೆ, ಖಾಲಿಯಿದ್ದರೆ ಚಪ್ಪಟೆ. ಹಿಂದಕ್ಕೆ ಹೋದರೆ ಕ್ರಾಪಿಗೆ ಸೇರುತ್ತದೆ. ಮಹಾಪಧಮನಿ ತೆಳುಗೋಡೆಯದು, ಹಿಂದಕ್ಕೆ ಹೋದರೆ ಹೃದಯದ ಕಡೆ ಇಳಿಯುತ್ತದೆ. ಜೊಲ್ಲುನಾಳ ಮೂರರಲ್ಲಿ ಬಿಗಿಯಾದದ್ದು, ಅಪ್ಪಟ ಬಿಳಿ, ಒತ್ತಿದರೂ ಗುಂಡಗೇ ಉಳಿಯುತ್ತದೆ. ಹಿಂದಕ್ಕೆ ಹೋದರೆ ಕವಲೊಡೆಯುತ್ತದೆ. ಬಣ್ಣವನ್ನೂ ದಪ್ಪವನ್ನೂ ನಂಬಬೇಡಿ, ಕವಲನ್ನು ನಂಬಿ.

ಗೊಂದಲ ಮಾಡುವ ಇನ್ನೊಂದು ವಸ್ತು ಕಣ್ಣಿನ ಹಿಂದೆ ಇದೆ. ಕಣ್ಣಿನ ನರಗಳು ಸೇರುವ ಹುರುಳಿಕಾಯಿ ಬೀಜದಾಕಾರದ ಮೆದುಳಿನ ಹಾಲೆಯ ಸುತ್ತ ಮೆದುವಾದ ಬಿಳಿ ಗಂಟುಗಳಿರುತ್ತವೆ. ಎರಡು ಬದಿಗೂ ಇರುತ್ತವೆ, ಗ್ರಂಥಿಯ ಹಾಗೇ ಕಾಣುತ್ತವೆ, ಸ್ಥಳವೂ "ವಿಷಗ್ರಂಥಿ ಇರಬಹುದು" ಅನ್ನಿಸುವಂಥದ್ದೇ. ಆದರೆ ಅವು ರಕ್ತಕಣ ತಯಾರಿಸುವ ಅಂಗಗಳು. ಅವಕ್ಕೆ ಬಾಯಿಗೆ ಹೋಗುವ ನಾಳ ಇಲ್ಲ. ಚಿತ್ರ ಬರೆದುಕೊಂಡವರಲ್ಲಿ ಹಲವರು ಮೋಸಹೋಗುವುದು ಇವುಗಳಿಂದ.

ಬೊಂಡಾಸಿನಲ್ಲಿ ಇದೇ ಪ್ರಯೋಗ ಅಗ್ಗವಾಗಿ ಮಾಡಿಬಿಡೋಣ ಎನ್ನುವವರಿಗೆ ಒಂದು ಮಾತು: ಅದಕ್ಕೂ ಈ ಅಂಗ ಇದೆ, ಆದರೆ ಪುಟ್ಟದು. ಹೆಣ್ಣು ಬೊಂಡಾಸಿನ ಹೊಟ್ಟೆಯಲ್ಲಿ ಎದ್ದು ಕಾಣುವ ಉದ್ದನೆಯ ಬಿಳಿ ಜೋಡಿ ಮೊಟ್ಟೆಗೆ ಹೊದಿಕೆ ಒದಗಿಸುವ ಗ್ರಂಥಿ, ವಿಷದ್ದಲ್ಲ.

ಮೆದುಳಿನ ತೂತು ದಾಟಿಸುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ ಇದೊಂದೇ. ಒಂದು ಗಂಟೆ ಮೀಸಲಿಡಿ. ಕೂಡಿದ ನಾಳ ತಲೆಯೊಳಗೆ ಹೊಗುವ ಜಾಗಕ್ಕೆ ಒಂದು ಬಣ್ಣದ ದಾರ ಸಡಿಲವಾಗಿ ಸುತ್ತಿ ಗುರುತು ಮಾಡಿ, ಗಂಟು ಬಿಗಿಯಬೇಡಿ. ಕಣ್ಣುಗಳ ನಡುವಿನ ಚರ್ಮ, ಸ್ನಾಯು ತೆಗೆದರೆ ಅರೆಪಾರದರ್ಶಕ ಮೃದ್ವಸ್ಥಿಯ ಕರಟ ಸಿಗುತ್ತದೆ. ಎಳನೀರಿನ ಎಳೆಗಂಜಿಗಿಂತ ಗಟ್ಟಿ, ತೆಂಗಿನ ತಿರುಳಿಗಿಂತ ಮೆದು. ಇಲ್ಲಿ ಮಾತ್ರ ಸ್ಕಾಲ್ಪೆಲ್ ಎತ್ತಿಕೊಳ್ಳಿ. ಬ್ಲೇಡನ್ನು ಮಲಗಿಸಿಕೊಂಡು, ಸೌತೆಕಾಯಿ ಹೆರೆದ ಹಾಗೆ, ಮೇಲಿನಿಂದ ಪದರಪದರವಾಗಿ ಹೆರೆಯಿರಿ. ಕೆಳಗೆ ಕೆನೆಬಿಳಿಯ ಮೆದುಳಿನ ಮೇಲ್ಭಾಗ ಕಾಣಿಸುತ್ತದೆ. ಅದರ ಹಿಂದಿನ ಅಂಚಿಗೆ ಮೊಂಡು ಚಿಮಟ ಕೊಟ್ಟು ಮೇಲೆತ್ತಿದರೆ ಮೇಲಿನ ಅರ್ಧ ಮುಚ್ಚಳದಂತೆ ಏಳುತ್ತದೆ; ಅಡಿಯ ಕಾಲುವೆಯಲ್ಲಿ ಅನ್ನನಾಳ. ಅದನ್ನು ಬದಿಗೆ ಸರಿಸಿದರೆ ಜೊಲ್ಲುನಾಳ.

ತುಂಬ ತಾಜಾ ಪ್ರಾಣಿಯಲ್ಲಿ ಮೆದುಳು ಮೊಸರಿನಂತೆ ಕದಡುತ್ತದೆ. ಅಂಥ ಸಂದರ್ಭದಲ್ಲಿ ತಲೆಯ ಭಾಗ ತೆರೆದಿಟ್ಟು, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಹುಯ್ದು, ಮುಚ್ಚಿ, ಒಂದು ರಾತ್ರಿ ಬಿಟ್ಟರೆ ಗಟ್ಟಿಯಾಗುತ್ತದೆ. ಹತ್ತಿರ ಗ್ಯಾಸ್ ಒಲೆ ಉರಿಯುತ್ತಿರಬಾರದು. ಮನೆಯಲ್ಲಿ ಫಾರ್ಮಲಿನ್ ಬೇಡ. ಅದರ ಆವಿ ಮುಚ್ಚಿದ ಕೋಣೆಗೆ ತಕ್ಕದ್ದಲ್ಲ. ಮುಂದಿನ ಭಾಗದಲ್ಲಿ ಬರುವ ನೀಲಿ ಬಣ್ಣದ ಪ್ರಯೋಗವನ್ನು ಮಾತ್ರ ಆಲ್ಕೋಹಾಲ್ ಹಾಕುವ ಮುಂಚೆಯೇ ಮುಗಿಸಿಕೊಳ್ಳಿ, ಗಟ್ಟಿಯಾದ ನಾಳ ಬಣ್ಣ ಹರಿಯಬಿಡುವುದಿಲ್ಲ.

ಬಾಯಿಯ ಉಂಡೆ ಮತ್ತು ನೀಲಿ ಹನಿ

ಬೆನ್ನಿನ ಬದಿಯ ಎರಡು ತೋಳುಗಳ ನಡುವಿನ ಪೊರೆಯನ್ನು ಬಾಯಿಯವರೆಗೆ ಸೀಳಿ. ನಿಂಬೆಹಣ್ಣಿನಂಥ ಗಟ್ಟಿ ಸ್ನಾಯುವಿನ ಉಂಡೆ ಸಿಗುತ್ತದೆ. ಸುತ್ತಲಿನ ಸಡಿಲ ಸ್ನಾಯುಗಳನ್ನು ಕತ್ತರಿಸಿದರೆ ಬೆರಳು ತೂರಿಸಿ ಅಲ್ಲಾಡಿಸಬಹುದು. ಹಿಂಬದಿಯಲ್ಲಿ ಅಂಟಿದ ಚಪ್ಪಟೆ ಜೋಡಿ, ಅದೇ ಮುಂದಿನ ಜೊಲ್ಲುಗ್ರಂಥಿ, ಜನ ತಪ್ಪಾಗಿ ಗುರುತಿಸುವುದು. ಕೊಕ್ಕು ಗಿಳಿಯದರಂತೆ ಕಂಡರೂ ತಿರುಗುಮುರುಗು: ಇಲ್ಲಿ ಕೆಳಗಿನದು ಮೇಲಿನದನ್ನು ಮುಚ್ಚಿಕೊಳ್ಳುತ್ತದೆ. ಮೇಲಿನ ಕೊಕ್ಕನ್ನು ಚಿಮಟದಲ್ಲಿ ಹಿಡಿದು ಅಂಚಿನ ಸ್ನಾಯು ಕತ್ತರಿಸಿ ಕಳಚಿ. ಒಳಗೆ ಕಂದು ಛಾಯೆಯ ಗರಗಸದ ಪಟ್ಟಿ, ರಾಡುಲಾ. ಲೂಪಿನಲ್ಲಿ ಹಲ್ಲಿನ ಸಾಲುಗಳು ಕಾಣುತ್ತವೆ. ಅದರ ಕೆಳಗಿನ ಮೆತ್ತನೆಯ ಉಬ್ಬಿನ ತುದಿಯೇ ನಮ್ಮ ಜೊಲ್ಲುತೊಟ್ಟು.

ಈಗ ಒಂದು ಮಿಲಿ ಉಪ್ಪುನೀರಿಗೆ ಒಂದು ಹನಿ ನೀಲಿ ಬೆರೆಸಿ ಇನ್ಸುಲಿನ್ ಸಿರಿಂಜಿಗೆ ಎಳೆದುಕೊಳ್ಳಿ. ಸೂಜಿಯನ್ನು ಮೇಲ್ಮುಖ ಮಾಡಿ ಗಾಳಿಗುಳ್ಳೆ ಪೂರ್ತಿ ಹೊರಹಾಕಿ, ಈ ಸಪೂರ ನಾಳದಲ್ಲಿ ಒಂದು ಗುಳ್ಳೆ ಬಿರಡೆಯ ಹಾಗೆ ಕೂರುತ್ತದೆ. ಕವಲಿಗಿಂತ ತುಸು ಮುಂದೆ, ಕೂಡುನಾಳವನ್ನು ಚಿಮಟದ ಮೇಲೆ ಹಾಸಿಕೊಂಡು, ಸೂಜಿಯನ್ನು ನಾಳಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ, ಬಾಯಿಯ ದಿಕ್ಕಿಗೆ ತೂರಿಸಿ. ಲಂಬವಾಗಿ ಚುಚ್ಚಿದರೆ ಸೂಜಿ ಆಚೆ ಗೋಡೆಯನ್ನೂ ಹಾದು ಬಣ್ಣ ಹೊಟ್ಟೆಗೆ ಸುರಿಯುತ್ತದೆ. ಸೂಜಿ ಕೂತ ಜಾಗವನ್ನು ಚಿಮಟದಿಂದ ಮೆಲ್ಲಗೆ ಒತ್ತಿಹಿಡಿದು, 0.1 ಮಿಲಿ ಮಾತ್ರ, ಹತ್ತು ಸೆಕೆಂಡು ತೆಗೆದುಕೊಂಡು ತಳ್ಳಿ. ಇನ್ನೊಬ್ಬರು ಲೂಪಿನಲ್ಲಿ ಬಾಯಿಯನ್ನೇ ನೋಡುತ್ತಿರಲಿ. ರಾಡುಲಾದ ಕೆಳಗೆ ಸಾಸಿವೆಕಾಳಿನಷ್ಟು ನೀಲಿ ಹನಿ ಮೂಡುತ್ತದೆ.

ಬಣ್ಣ ಗಂಟಲಿನಿಂದ, ಅಂದರೆ ಉಂಡೆಯ ಹಿಂದಿನ ಅಗಲ ರಂಧ್ರದಿಂದ ಬಂದರೆ ನೀವು ಅನ್ನನಾಳಕ್ಕೆ ಚುಚ್ಚಿದ್ದೀರಿ. ಎಲ್ಲಿಂದಲೂ ಬಾರದೆ ತಲೆಯ ಭಾಗ ನೀಲಿಗಟ್ಟಿದರೆ ಮೆದುಳು ತೆರೆಯುವಾಗ ನಾಳ ತುಂಡಾಗಿದೆ. ಸಿರಿಂಜಿನಲ್ಲಿ ತಡೆ ಇದ್ದು ಬಣ್ಣ ಮುಂದೆ ಹೋಗದಿದ್ದರೆ ಬಲ ಹಾಕಬೇಡಿ. ನಾಳದೊಳಗೆ ಹೆಪ್ಪುಗಟ್ಟಿದ ಸ್ರಾವ ಇರಬಹುದು. ಬ್ರಶ್ಶಿನ ನೈಲಾನ್ ಎಳೆಯನ್ನು ಅದೇ ರಂಧ್ರದಿಂದ ತಿರುವುತ್ತ ತೂರಿಸಿ. ಎಳೆಯ ತುದಿ ತೊಟ್ಟಿನಲ್ಲಿ ಹೊರಬಂದರೂ ಸಾಕ್ಷಿ ಅಷ್ಟೇ ಗಟ್ಟಿ.

ಈ ತೊಟ್ಟು ಬರೀ ಪಿಚಕಾರಿಯಲ್ಲ. ಆಕ್ಟೋಪಸ್ ವಲ್ಗಾರಿಸ್ ಜಾತಿಯಲ್ಲಿ ಇದರ ಮೇಲೆ ಪುಟ್ಟ ಹಲ್ಲುಗಳಿದ್ದು, ಚಿಪ್ಪಿನಲ್ಲಿ ರಂಧ್ರ ಕೊರೆಯುವುದರಲ್ಲಿ ಇದರದೂ ಪಾಲಿದೆ. ಕೊರೆದ ತೂತಿನಿಂದ ಸ್ರಾವ ಒಳಗೆ ಬಿಟ್ಟರೆ ಚಿಪ್ಪುಜೀವಿಯ ಸ್ನಾಯು ಸೋತು ಮುಚ್ಚಳ ತೆರೆದುಕೊಳ್ಳುತ್ತದೆ. ಏಡಿಯಾದರೆ ನಿಶ್ಚೇಷ್ಟವಾಗುವುದಷ್ಟೇ ಅಲ್ಲ, ಮಾಂಸವೂ ಚಿಪ್ಪಿನ ಒಳಗೋಡೆಯಿಂದ ಬಿಟ್ಟುಕೊಳ್ಳುತ್ತದೆ.

ಗ್ರಂಥಿಯ ಒಳಗೆ

ನಾಳ ಸಮೇತ ಎರಡೂ ಗ್ರಂಥಿ ಬಿಡಿಸಿ, ಟಿಶ್ಯೂ ಮೇಲೆ ಒತ್ತದೆ ಒಣಗಿಸಿ ತೂಗಿ. ಇಡೀ ಪ್ರಾಣಿಯ ತೂಕದೊಂದಿಗೆ ಬರೆದಿಟ್ಟುಕೊಂಡರೆ ಮುಂದಿನ ಸಲದ ಜಾತಿಯೊಂದಿಗೆ ಹೋಲಿಸಬಹುದು. ಒಂದನ್ನು ಫ್ರೀಜರಿನಲ್ಲಿ ಅರೆಗಟ್ಟಿ ಮಾಡಿ ಹೊಸ ಶೇವಿಂಗ್ ಬ್ಲೇಡಿನಿಂದ ಸಾಧ್ಯವಾದಷ್ಟು ತೆಳುವಾಗಿ ಹೆಚ್ಚಿ. ಮೆಥಿಲೀನ್ ಬ್ಲೂನಲ್ಲಿ ಒಂದು ನಿಮಿಷ ಅದ್ದಿ, ಉಪ್ಪುನೀರಿನಲ್ಲಿ ಜಾಲಿಸಿ, ಸೂಕ್ಷ್ಮದರ್ಶಕದ ಕಡಿಮೆ ಪವರ್‌ನಲ್ಲಿ ನೋಡಿ. ಕವಲುಕವಲಾದ ಕೊಳವೆಗಳನ್ನು ಅಡ್ಡ ಕೊಯ್ದ ಬಳೆಗಳು ಒತ್ತೊತ್ತಾಗಿ ಕಾಣಬೇಕು. ಬಳೆಯ ಒಳಪದರ ಸ್ರಾವ ತಯಾರಿಸುವ ಕೋಶಗಳದ್ದು, ಸುತ್ತ ಸ್ನಾಯು. ಆ ಸ್ನಾಯು ಹಿಂಡಿದಾಗಲೇ ಸ್ರಾವ ನಾಳಕ್ಕೆ ಬರುವುದು; ಹಿಂಡುವ ಆಜ್ಞೆ ನರದಿಂದ. ಬಾಯಿಗೆ ಏನಾದರೂ ಸಿಕ್ಕಿದ ಮಾತ್ರಕ್ಕೆ ತಾನಾಗಿ ಸೋರುವ ವ್ಯವಸ್ಥೆ ಅಲ್ಲ. ಮಂಜುಗಟ್ಟಿ ಕರಗಿದ ಮಾಲಿನಲ್ಲಿ ಕೋಶಗಳು ಒಡೆದು ಬಳೆಗಳ ಅಂಚು ಮಸುಕಾಗಿರುತ್ತವೆ.

ಸ್ರಾವದಲ್ಲಿರುವುದು ಒಂದೇ ವಿಷವಲ್ಲ, ಮಿಶ್ರಣ. ಏಡಿಯನ್ನು ಕೆಡವುವ ಪ್ರೋಟೀನಿಗೆ 1959ರಲ್ಲಿ ವಿಜ್ಞಾನಿ ಗಿರೆಟ್ಟಿ ಸೆಫಲೋಟಾಕ್ಸಿನ್ ಎಂದು ಹೆಸರಿಟ್ಟರು. ಅದರ ಜೊತೆಗೆ ಸಿರೊಟೋನಿನ್, ಟೈರಮೀನ್, ಹಿಸ್ಟಮೀನ್ ಎಂಬ ರಾಸಾಯನಿಕಗಳು, ಅಂಗಾಂಶದ ಅಂಟು ಬಿಡಿಸಿ ವಿಷ ಹರಡಲು ದಾರಿ ಮಾಡುವ ಹಯಲುರೊನಿಡೇಸ್, ಪ್ರೋಟೀನ್ ಕತ್ತರಿಸುವ ಕಿಣ್ವಗಳು. ಆಕ್ಟೋಪಮೀನ್ ಎಂಬ ರಾಸಾಯನಿಕದ ಹೆಸರಿನಲ್ಲೇ ಆಕ್ಟೋಪಸ್ ಇದೆ, ಏಕೆಂದರೆ ಇಟಲಿಯ ವಿಟ್ಟೋರಿಯೊ ಎರ್ಸ್ಪಾಮರ್ ಅದನ್ನು ಮೊದಲು ಕಂಡದ್ದು 1948ರಲ್ಲಿ ಇದೇ ಹಿಂದಿನ ಜೊಲ್ಲುಗ್ರಂಥಿಯಲ್ಲಿ. ಎಲೆಡೋನ್ ಎಂಬ ಸೋದರ ಕುಲದ ಗ್ರಂಥಿಯಿಂದ ಬಂದ ಎಲೆಡಾಯ್ಸಿನ್ ಎಂಬ 11 ಅಮೈನೋ ಆಮ್ಲಗಳ ಸರಪಳಿ ರಕ್ತದೊತ್ತಡವನ್ನು ಇಳಿಸಬಲ್ಲದು.

ಇವುಗಳಲ್ಲಿ ಪ್ರೋಟೀನುಗಳಾದವು ಬೇಯಿಸಿದರೆ ಕೆಡುತ್ತವೆ. ನೀಲಿ ಉಂಗುರದವುಗಳ ಕಥೆ ಬೇರೆ. ಅವುಗಳ ಗ್ರಂಥಿಯಲ್ಲಿರುವ ಮಾರಕ ವಸ್ತು ಟೆಟ್ರೊಡೊಟಾಕ್ಸಿನ್, ಪಫರ್ ಮೀನಿನದೇ ವಿಷ. ಇದು ಖಚಿತವಾದದ್ದು 1978ರಲ್ಲಿ. ಪ್ರೋಟೀನ್ ಅಲ್ಲದ ಕಾರಣ ಅಡುಗೆಯ ಬಿಸಿಗೆ ಬಗ್ಗುವುದಿಲ್ಲ, ಗ್ರಂಥಿಯಲ್ಲಷ್ಟೇ ಅಲ್ಲದೆ ಮೈಯ ಉಳಿದ ಭಾಗಗಳಲ್ಲೂ ಇರುತ್ತದೆ. ನರಗಳ ಸೋಡಿಯಂ ಕಾಲುವೆಗಳನ್ನು ಮುಚ್ಚಿ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುತ್ತದೆ. ಪ್ರತಿವಿಷ ಇಲ್ಲ, ವಿಷದ ಪ್ರಭಾವ ಇಳಿಯುವವರೆಗೆ ಕೃತಕ ಉಸಿರಾಟ ಕೊಡುವುದೇ ಚಿಕಿತ್ಸೆ. ಮನೆಯ ಕಡಲ ಅಕ್ವೇರಿಯಂಗೆ ಅಂಥದ್ದನ್ನು ತರಿಸುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಕಡಿತ ಹಲವರಿಗೆ ನೋವೇ ಆಗುವುದಿಲ್ಲ. ಕಚ್ಚಿಸಿಕೊಂಡವರ ತುಟಿ, ನಾಲಿಗೆ ಜೋಮುಗಟ್ಟಿತೆಂದರೆ ಕಾಯದೆ 108ಕ್ಕೆ ಫೋನ್ ಮಾಡಿ, ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಇರಿ. ಕಣ್ಣು ರೆಪ್ಪೆ ಅಲ್ಲಾಡದಿದ್ದರೂ ಒಳಗೆ ಎಚ್ಚರ ಇರಬಹುದು.

ಮುಗಿದ ಮೇಲೆ

ತೋಳುಗಳನ್ನಾದರೂ ಹುರಿದು ತಿನ್ನೋಣ ಎನ್ನಬೇಡಿ. ನಾಲ್ಕು ಗಂಟೆ ಮೇಜಿನ ಮೇಲೆ ಕೂತ, ಬಣ್ಣ ಮತ್ತು ಆಲ್ಕೋಹಾಲ್ ಸೋಕಿದ ಮಾಂಸ ಅದು. ಜೀರ್ಣಗ್ರಂಥಿಯಂತೂ ಕ್ಯಾಡ್ಮಿಯಂನಂಥ ಲೋಹ ಕೂಡಿಟ್ಟುಕೊಳ್ಳುವ ಜಾಗ, ಬೀದಿ ಬೆಕ್ಕಿಗೂ ಹಾಕಬೇಡಿ. ತಿನ್ನಲು ಬೇಕಿದ್ದರೆ ಎರಡನೆಯ ಪ್ರಾಣಿಯನ್ನು, ಅದು ಬಚಾವಾಗಿದ್ದರೆ, ಬೇರೆ ಹಲಗೆಯಲ್ಲಿ ಶುಚಿ ಮಾಡಿ. ಉಳಿದದ್ದನ್ನೆಲ್ಲ ಎರಡು ಪದರ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟು, ಹಸಿಕಸದ ಗಾಡಿ ಬರುವ ಬೆಳಿಗ್ಗೆ ಡಬ್ಬಿಯಿಂದ ತೆಗೆದು ಕೊಡಿ. ರಾತ್ರಿಯೇ ಅಪಾರ್ಟ್‌ಮೆಂಟಿನ ಕಸದ ಡ್ರಮ್ಮಿಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಫ್ಲಾಟ್ ನಂಬರು ಬಂದಿರುತ್ತದೆ. ಕತ್ತರಿ, ಚಿಮಟಗಳನ್ನು ಮೊದಲು ತಣ್ಣೀರಿನಲ್ಲಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಮೊದಲೇ ಬಿಸಿನೀರು ಸೋಕಿದರೆ ಲೋಳೆ ಬೆಂದು ಕತ್ತರಿಯ ಸಂದಿಯಲ್ಲಿ ಅಂಟಿಕೊಳ್ಳುತ್ತದೆ. ಉಪ್ಪುನೀರು ತಗಲಿದ ಸ್ಟೀಲನ್ನು ಒರೆಸಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿಡಿ.